ದೇವದೂತನ ಹಿಂಭಾಗ

ಎಲ್ಲ ರಗಳೆಗೂ ಮೂಲ ಒಬ್ಬ ದೇವದೂತನ ಹಿಂಭಾಗ.

ಶನಿವಾರ ಬೆಳಿಗ್ಗೆ ಈಬನ್ ಕ್ಲೆಗ್ ಒಂದು ಹಿಡಿ ಹೂವು ತೆಗೆದುಕೊಂಡು ಗುಡ್ಡದ ನೆತ್ತಿಯ ಸ್ಮಶಾನಕ್ಕೆ ಹೋದರೆ, ಹೆಂಡತಿ ತಬಿತಾಳ ಸಮಾಧಿಯ ಎದುರಿಗೆ, ಒಂದು ಹಂತ ಕೆಳಗಿನ ಜಾಗದಲ್ಲಿ, ಅಮೃತಶಿಲೆಯ ದೇವದೂತ ಎದ್ದು ನಿಂತಿದ್ದ. ಎರಡಾಳೆತ್ತರ, ಕೋಟೆಬಾಗಿಲಿನಂಥ ರೆಕ್ಕೆ, ಕೈಯಲ್ಲಿ ತುತ್ತೂರಿ. ಮಧ್ಯಾಹ್ನದ ಅನಾವರಣಕ್ಕೆಂದು ಮುಂಭಾಗಕ್ಕಷ್ಟೇ ಬಟ್ಟೆ ಹೊದಿಸಿದ್ದರು. ಹಿಂದುಗಡೆ ದೊಡ್ಡ ಮನುಷ್ಯರು ಯಾರೂ ನಿಲ್ಲುವುದಿಲ್ಲವಲ್ಲ, ಹಾಗಾಗಿ ಅದನ್ನು ತೆರೆದೇ ಬಿಟ್ಟಿದ್ದರು. ಶಿಲ್ಪಿ ಆ ಭಾಗವನ್ನೂ ಬಹಳ ಶ್ರದ್ಧೆಯಿಂದ ಕೆತ್ತಿದ್ದ.

ಕ್ಲೆಗ್ ಸಮಾಧಿಯನ್ನೊಮ್ಮೆ, ಆ ಬೆನ್ನನ್ನೊಮ್ಮೆ ನೋಡಿದ.

ಅವನದು ದನದ ಕರುಳು ಬೇಯಿಸಿ ಮಾರುವ ಬೋಟಿ ಅಂಗಡಿ. ಕಿಟಕಿಯಿಲ್ಲದ ಹಿಂಕೋಣೆಯಲ್ಲಿ ಬೆಳಗಾಗುವ ಮೊದಲೇ ಹಂಡೆಗೆ ಬೆಂಕಿ ಹಾಕಿ ಬೋಟಿ ಬೇಯಿಸಿದವಳು ತಬಿತಾ. ಮದುವೆಯಾದಂದಿನಿಂದ ಅವಳು ಕಂಡದ್ದು ಹಬೆ. "ಸೂರ್ಯ ಹುಟ್ಟೋದನ್ನ ಒಂದ್ ಸಲ ಬಿಡುವಾಗಿ ಕೂತ್ಕೊಂಡು ನೋಡ್ಬೇಕಿತ್ತು ಕಣೋ ಈಬನ್," ಎಂದು ಹೇಳಿ ಹೋಗಿದ್ದಳು. ಕೊನೆಯ ದಿನ ತುತ್ತೂರಿ ಮೊಳಗಿದಾಗ ಸತ್ತವರೆಲ್ಲ ಎದ್ದು ಉದಯಸೂರ್ಯನನ್ನು ನೋಡಬೇಕೆಂದು ಆ ಊರಿನಲ್ಲಿ ಎಲ್ಲರನ್ನೂ ಪೂರ್ವಕ್ಕೆ ಕಾಲು ಮಾಡಿ ಹೂಳುತ್ತಿದ್ದರು. ಅದಕ್ಕೇ ಕ್ಲೆಗ್ ಮೈ ಕೈ ಮುರಿದು ದುಡಿದು ನೆತ್ತಿಯ ಮೇಲಿನ ಜಾಗವನ್ನೇ ಹಿಡಿದಿದ್ದ. ಹೂಳುವ ದಿನ ಮೂಗಿನ ತುದಿಯೂ ಕಾಣದ ಮಂಜು. ದಾರಿ ತಪ್ಪಿತು ಎಂದವರ ಮಾತು ಕೇಳದೆ, "ಹೆಂಡ್ತಿ ನನ್ನೋಳು, ದಾರೀನೂ ನಂದೇ," ಎಂದು ಪೆಟ್ಟಿಗೆಯ ಮುಂದೆ ತಾನೇ ನಡೆದು, ಮುರಿದ ಕಂಬದ ಸಮಾಧಿಯೊಂದನ್ನು ಮತ್ತೆ ಮತ್ತೆ ದಾಟಿ, ಅಂತೂ ಅವಳನ್ನು ಗುಂಡಿ ಮುಟ್ಟಿಸಿದ್ದ.

ಈಗ ಅವಳು ಎದ್ದು ಕಣ್ಣು ಬಿಟ್ಟರೆ ಕಾಣುವುದು ಇದು.

ಸ್ಮಶಾನದ ಮೇಲ್ವಿಚಾರಕ ಡೈಸನ್ನನ ಕಚೇರಿ ಹೆಬ್ಬಾಗಿಲಿನಲ್ಲೇ ಇತ್ತು. ಆ ಬಾಗಿಲಿಗೆ ಈಜಿಪ್ಟಿನ ದೇವಸ್ಥಾನದಂಥ ದಪ್ಪ ಕಂಬ, ಕಂಬದ ತುದಿಗೆ ಕಮಲದ ಮೊಗ್ಗು. ಸಾವಿಗೂ ಈಜಿಪ್ಟಿಗೂ ಏನು ನಂಟೆಂದು ಊರಿನಲ್ಲಿ ಯಾರಿಗೂ ತಿಳಿಯದು. ಲಂಡನ್ನಿನಲ್ಲಿ ಹಾಗೆ ಕಟ್ಟುತ್ತಾರಂತೆ, ಅಷ್ಟೇ.

"ಎಲ್ಲಾ ನಿಯಮದ ಪ್ರಕಾರವೇ ಇದೆ ಕ್ಲೆಗ್ ಅವ್ರೇ," ಎಂದ ಡೈಸನ್. "ಜಾಗ ಹಾಬ್‌ಡೇ ಸಾಹೇಬ್ರದು. ದೇವದೂತನೂ ಅವ್ರದೇ."

"ಬೆನ್ನು ಮಾತ್ರ ನನ್ನ ತಬಿತಾಗಾ?"

"ಇಟಲಿಯ ಕಲ್ಲು ರೀ ಅದು. ಅಂಥಾ ಬೆನ್ನು ಈ ಜಿಲ್ಲೇಲೇ ಇನ್ನೊಂದಿಲ್ಲ."

ಹಾಬ್‌ಡೇ ಊರಿನ ಬಿಯರ್ ಭಟ್ಟಿಯ ಧಣಿ, ಈ ಸಲದ ಚುನಾವಣೆಗೂ ನಿಂತವನು. ಕ್ಲೆಗ್ ಹೆಂಡದ ವಾಸನೆಗೂ ಮೂಗು ಮುಚ್ಚುವವನು. ಗಾಯಕ್ಕೆ ಉಪ್ಪು ಸವರಿದಂತಾಯಿತು.

ಸಮಾಧಿಗೆ ಮರಳಿದರೆ, ಪಕ್ಕದ ಮನೆಯ ಮಿಸೆಸ್ ಗ್ರಿಮ್‌ಶಾ ಆಗಲೇ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಬಟ್ಟೆ ಒಗೆಯುವುದು ಅವಳ ಕೆಲಸ. ಊರಿನ ಯಾವ ಜಗಳವೂ ತಾನಿಲ್ಲದೆ ಶುರುವಾಗಕೂಡದೆಂಬುದು ಅವಳ ವ್ರತ.

"ಪಾದ್ರಿಯ ಹೆಂಡ್ತಿ ಬಗ್ಗಿ ಬಟ್ಟೆ ಎಣಿಸ್ದಾಗ ಇದೇ ಥರಾ ಕಾಣತ್ತೆ ಕಣೋ," ಎಂದಳು. "ಒಂದು ಲಂಗ ಉಡಿಸೋಣ. ಹಾಬ್‌ಡೇ ಹೆಂಡ್ತೀದೇ ಒಗೆಯೋಕ್ ಬಂದಿದೆ, ಅಳತೆ ಸರಿಹೋಗತ್ತೆ."

"ಲಂಗ ಉಡಿಸಿದ್ರೆ ಸೂರ್ಯ ಕಾಣ್ತಾನಾ?"

"ಸೂರ್ಯ ಆಮೇಲೆ. ಮೊದಲು ಮಾನ."

ಅವಳು ಬುಟ್ಟಿ ತಂದಳು, ಏಣಿ ತಂದಳು. ಕ್ಲೆಗ್ ಬೈದುಕೊಳ್ಳುತ್ತಲೇ ಹತ್ತಿದ. ದೇವದೂತನ ನಡುವಿಗೆ ಲಂಗ ಸುತ್ತಿ, ಲಾಡಿಯ ತುದಿ ಹಿಡಿಯಲು ರೆಕ್ಕೆಯ ಮೇಲೆ ಕಾಲಿಟ್ಟು, ಹೆಗಲೇರಿದ. ಅಷ್ಟರಲ್ಲಿ ಕೆಳಗಿನ ದಾರಿಯಲ್ಲಿ ಬ್ಯಾಂಡು ಕೇಳಿಸಿತು. ಮಿಸೆಸ್ ಗ್ರಿಮ್‌ಶಾ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬ ಮುಖ ಮಾಡಿ ನಡೆದುಬಿಟ್ಟಳು. ಏಣಿಯನ್ನೂ ಒಯ್ದಳು. ಕ್ಲೆಗ್ ಹೊದಿಕೆಯ ಮರೆಗೆ ತಗ್ಗಿ ಕೂತ.

ಮೇಯರು ಬಂದರು, ಪಾದ್ರಿ ಬಂದರು, ಅರ್ಧ ಊರೇ ಬಂತು. ಹಾಬ್‌ಡೇ ಹಗ್ಗ ಎಳೆದ. ಬಟ್ಟೆ ಜಾರಿತು. ದೇವದೂತ ಲೇಸಿನ ಲಂಗ ಉಟ್ಟು, ಹೆಗಲ ಮೇಲೆ ಬೋಟಿ ಅಂಗಡಿಯವನನ್ನು ಕೂರಿಸಿಕೊಂಡು, ಜಾತ್ರೆಗೆ ಹೊರಟ ತಂದೆಯ ಹಾಗೆ ನಿಂತಿದ್ದ.

ಬ್ಯಾಂಡು ನಿಂತಿತು. ದೊಡ್ಡ ಡೋಲಿನವನೊಬ್ಬ ಗಮನಿಸದೆ ಇನ್ನೆರಡು ಪೆಟ್ಟು ಹೊಡೆದ.

"ಅದು ನನ್ನ ಲಂಗ," ಎಂದಳು ಹಾಬ್‌ಡೇಯ ಹೆಂಡತಿ.

"ಇಳಿಯೋ ಕೆಳಗೆ," ಎಂದ ಹಾಬ್‌ಡೇ.

ಕ್ಲೆಗ್ ಕೆಳಗೆ ನೋಡಿದ. ಏಣಿ ಇಲ್ಲ. ಇಳಿಯಲಾಗುವುದಿಲ್ಲ ಎನ್ನುವುದಕ್ಕಿಂತ ಇಳಿಯುವುದಿಲ್ಲ ಎನ್ನುವುದರಲ್ಲಿ ಮರ್ಯಾದೆ ಇದೆ ಎಂದು ಅವನಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಬಾಯಿಬಿಟ್ಟು ಹೇಳಿದ ಮೇಲೆ ಮಾತ್ರ ಅದು ನಿಜವೇ ಆಗಿಹೋಯಿತು.

"ಇಳಿಯಲ್ಲ."

"ಪೊಲೀಸ್ರನ್ನ ಕರೆಸ್ತೀನಿ."

"ಕರೆಸಿ. ಅವ್ರೂ ನೋಡ್ಲಿ. ನನ್ನ ಹೆಂಡ್ತಿ ಜೀವಮಾನವಿಡೀ ಹಂಡೆ ಮುಂದೆ ನಿಂತೋಳು ಸಾಹೇಬ್ರೇ. ಒಂದು ಸೂರ್ಯೋದಯ ಕೇಳಿದ್ಲು. ಅದಕ್ಕೆ ನೀವು ಇದನ್ನ ಅಡ್ಡ ಇಟ್ಟಿದ್ದೀರಿ. ಪಕ್ಕಕ್ಕೆ ಸರಿಸಿ. ಇಲ್ದಿದ್ರೆ ನಾನು ಇಲ್ಲೇ ಕೂತಿರ್ತೀನಿ. ನಾನೇ ಕಲ್ಲಾದ್ರೂ ಸರಿ."

ಗುಂಪಿನೊಳಗಿಂದ, ಏಣಿಯನ್ನು ಎಲ್ಲೋ ಬಚ್ಚಿಟ್ಟು ಬಂದಿದ್ದ ಮಿಸೆಸ್ ಗ್ರಿಮ್‌ಶಾಳ ದನಿ ಬಂತು. "ಸೋಮವಾರ ಓಟು ಕೇಳೋಕೆ ಬರ್ತಾರಲ್ಲ ಹಾಬ್‌ಡೇ ಸಾಹೇಬ್ರು, ನಮ್ಮ ಬೀದಿಗೆ? ಬರ್ಲಿ, ಬರ್ಲಿ."

"ತಬಿತಾ ನಮ್ಮ ಬೀದಿಯೋಳು," ಎಂದು ಇನ್ನೊಬ್ಬರು ದನಿಗೂಡಿಸಿದರು. ಮೇಯರು ಹಾಬ್‌ಡೇಯ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಹಾಬ್‌ಡೇಯ ಮುಖ ಬೇಯಿಸಿದ ಬೀಟ್‌ರೂಟಿನಂತಾಯಿತು. ಕಡೆಗೆ, ದೇವದೂತನನ್ನು ತನ್ನ ಜಾಗದ ಮೂಲೆಗೆ ಸರಿಸಲು ಒಪ್ಪಿದ.

ಕ್ಲೆಗ್ಗನನ್ನು ನಾಲ್ವರು ಇಳಿಸಿಕೊಂಡರು. ಕಲ್ಲುಕುಟಿಗರು ಮೂರು ಕಾಲಿನ ಮರದ ಚೌಕಟ್ಟು ನೆಟ್ಟು, ಸರಪಳಿ ಬಿಗಿದು, ದೇವದೂತನನ್ನು ಎತ್ತಿದರು. ಲಂಗ ಗಾಳಿಗೆ ಉಬ್ಬಿತು. ದೂತ ಮೆಲ್ಲಗೆ ತೇಲಿ ಮೂಲೆಯಲ್ಲಿ ಕುಳಿತ. ತಬಿತಾಳ ಎದುರಿಗೆ ಈಗ ಬರೀ ಆಕಾಶ, ದೂರದ ಬಯಲು, ಬಯಲಿನಾಚೆ ಇನ್ನಷ್ಟು ಆಕಾಶ. ಜನ ಟೋಪಿ ಹಾರಿಸಿದರು. ಕ್ಲೆಗ್ ಅತ್ತುಬಿಟ್ಟ.

ಆಗ, ಆ ಚೌಕಟ್ಟಿನ ಭಾರಕ್ಕೆ ಸಡಿಲಗೊಂಡಿದ್ದ ಮೇಲಿನ ದಿಣ್ಣೆಯ ಮಣ್ಣು ಒಮ್ಮೆ ಉಸಿರುಬಿಟ್ಟಂತೆ ಜಾರಿತು. ತಬಿತಾಳ ಪೆಟ್ಟಿಗೆಯ ಪೂರ್ವದ ತುದಿ ಹೊರಗೆ ಕಂಡಿತು.

ಎಲ್ಲರೂ ಕತ್ತು ಚಾಚಿದರು. ಶವದ ಪೆಟ್ಟಿಗೆ ತಲೆಯ ಕಡೆ ಅಗಲ, ಕಾಲಿನ ಕಡೆ ಕಿರಿದು. ಅದು ಮಕ್ಕಳಿಗೂ ಗೊತ್ತು. ಪೂರ್ವಕ್ಕೆ ಕಾಣಬೇಕಾದದ್ದು ಕಿರಿದಾದ ತುದಿ. ಅಲ್ಲಿ ಕಾಣುತ್ತಿದ್ದದ್ದು ಅಗಲವಾದದ್ದು.

"ಅವತ್ತೇ ಹೇಳಿದ್ದೆ," ಎಂದ ಡೈಸನ್, ಗಂಟಲು ಸರಿಮಾಡಿಕೊಂಡು. "ಸುತ್ತು ಹೊಡೆದು ಆಚೆ ಕಡೆಯಿಂದ ಬರ್ತಿದ್ದೀವಿ ಅಂತ. ನೀವು ಕೇಳ್ಬೇಕಲ್ಲ."

"ತಿರುಗಿಸಿ," ಎಂದ ಕ್ಲೆಗ್, ಸಣ್ಣ ದನಿಯಲ್ಲಿ.

"ಲಂಡನ್ನಿನ ಮಂತ್ರಿಗಳ ಅಪ್ಪಣೆ ಇಲ್ದೆ ಹೂತೋರನ್ನ ಬೆರಳಷ್ಟೂ ಅಲುಗಿಸೋ ಹಾಗಿಲ್ಲ. ಮಣ್ಣು ಮುಚ್ಚಿಸ್ತೀನಿ, ಅಷ್ಟೇ."

ಕ್ಲೆಗ್ ನಿಧಾನವಾಗಿ ಹಿಂತಿರುಗಿ ಪಶ್ಚಿಮಕ್ಕೆ ನೋಡಿದ. ಕೆಳಗೆ ಊರು. ಊರಿನ ನಡುವೆ, ತಬಿತಾ ಎದ್ದು ಕೂತರೆ ನೇರ ಕಣ್ಣಿಗೆ ಬೀಳುವಂತೆ, ಕಪ್ಪು ಹೊಗೆ ಉಗುಳುತ್ತ ನಿಂತಿತ್ತು ಅವನದೇ ಬೋಟಿ ಅಂಗಡಿಯ ಚಿಮಣಿ.

ಹಾಬ್‌ಡೇ ನಕ್ಕ. ಎಷ್ಟು ನಕ್ಕನೆಂದರೆ ಲಂಗವನ್ನು ಬಿಚ್ಚಿಸುವುದೇ ಮರೆತ.

ಕ್ಲೆಗ್ ಟೋಪಿ ಹಾಕಿಕೊಂಡು ಗುಡ್ಡ ಇಳಿದ. ಸಂಜೆಯ ಚಹಾದ ಹೊತ್ತಿಗೆ ಬೀದಿಯ ತುಂಬ ಇಟ್ಟಿಗೆ ಬೀಳುವ ಸದ್ದು. ಮಿಸೆಸ್ ಗ್ರಿಮ್‌ಶಾ ಓಡಿಬಂದು ಕತ್ತೆತ್ತಿದರೆ, ಅವಳ ಏಣಿ ಹಾಕಿಕೊಂಡು ಕ್ಲೆಗ್ ಸ್ವಂತ ಮಾಡು ಹತ್ತಿ ಸ್ವಂತ ಚಿಮಣಿ ಒಡೆಯುತ್ತಿದ್ದ.

"ಹೊಟ್ಟೆಗೆ ಏನು ತಿಂತೀಯೋ ಹುಚ್ಚಪ್ಪಾ? ಇಳಿ ಕೆಳಗೆ."

"ಇಳಿಯಲ್ಲ. ಅವಳು ಎದ್ದಾಗ ಮತ್ತೆ ಈ ಹಂಡೇದೇ ಹೊಗೆ ನೋಡ್ಬೇಕಾ? ಸೂರ್ಯ ಹುಟ್ಟೋದು ಕಾಣ್ದಿದ್ರೆ ಮುಳುಗೋದಾದ್ರೂ ಕಾಣ್ಲಿ."

ಕೊನೆಯ ಇಟ್ಟಿಗೆ ಉರುಳಿತು. ಮಸಿಯ ಧೂಳು ಅಡಗಿತು. ಕ್ಲೆಗ್ ಹಣೆ ಒರೆಸಿಕೊಂಡು ಗುಡ್ಡದ ಕಡೆ ನೋಡಿ ನಕ್ಕ. ಆಮೇಲೆ ಅವಳ ಕಣ್ಣಿನಿಂದ ನೋಡುವವನಂತೆ ಪಶ್ಚಿಮಕ್ಕೆ ತಿರುಗಿದ.

ಇಷ್ಟು ವರ್ಷ ಚಿಮಣಿ ಮರೆಮಾಡಿದ್ದ ಜಾಗದಲ್ಲಿ, ಮುಳುಗುವ ಸೂರ್ಯನಿಗೆ ಸರಿಯಾಗಿ ಅಡ್ಡ, ಬಿಯರ್ ಭಟ್ಟಿಯ ಕೆಂಪು ಗೋಪುರ ನಿಂತಿತ್ತು. ಅದರ ಮೇಲೆ ಆಳೆತ್ತರದ ಬಿಳಿ ಅಕ್ಷರಗಳಲ್ಲಿ: ಹಾಬ್‌ಡೇ.

ಕ್ಲೆಗ್ ಸುತ್ತಿಗೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ.

"ಮಿಸೆಸ್ ಗ್ರಿಮ್‌ಶಾ," ಎಂದ ಮೇಲಿನಿಂದಲೇ, "ಇದಕ್ಕಿಂತ ಉದ್ದದ ಏಣಿ ಯಾರತ್ರ ಸಿಗತ್ತೆ?"