ಸೂರಕ್ಕಿಯ ಗಂಡ ಮತ್ತು ಪದ್ಮಕ್ಕನ ಬೆಕ್ಕು

ಮಕ್ಕಳೇ, ನಾಚಿಕೆಯವರು ಜಗಳ ಮಾಡುವುದಿಲ್ಲ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಮಾಡುತ್ತಾರೆ; ಅಭ್ಯಾಸವಿಲ್ಲದ ಕಾರಣ ಕೆಟ್ಟದಾಗಿ ಮಾಡುತ್ತಾರೆ. ಶಾಲೆಯಲ್ಲಿ ಹಾಜರಿ ಕರೆದಾಗ ‘ಹಾಜರ್ ಸಾರ್’ ಎನ್ನಲೂ ನಾಚಿ, ಮೇಷ್ಟ್ರ ಎದುರಿಗೇ ಕೂತು ಗೈರುಹಾಜರಾದವಳು ನಾನು. ಅಂಥವಳು ಈ ತೋಡಾರಿನಲ್ಲಿ ಒಂದೇ ಒಂದು ಸಲ ಬಾಯಿ ಬಿಟ್ಟೆ.

ನಮ್ಮ ಅಂಗಳದ ಕೇಪುಳ ಹೂವಿಗೆ ಒಂದು ಜೋಡಿ ಸೂರಕ್ಕಿ ಬರುತ್ತಿತ್ತು. ಹೆಬ್ಬೆರಳಿನಷ್ಟು ಜೀವ, ಬಾಗಿದ ಸೂಜಿಯಂಥ ಕೊಕ್ಕು. ಜೇನು ಹೀರುವಾಗಲೂ ಒಂದು ಕಡೆ ಕೂರುವ ಜಾತಿಯಲ್ಲ. ಹೆಣ್ಣಿನದು ಮಾಸಲು ಹಳದಿ ಹೊಟ್ಟೆ. ಗಂಡು ನೆರಳಲ್ಲಿ ಬರೀ ಕಪ್ಪು, ಬಿಸಿಲು ಬಿದ್ದರೆ ನೇರಳೆ, ನೀಲಿ, ಥೇಟ್ ಮದುಮಗ. ನನ್ನ ಬೆಳಗಿನ ಚಹಾ ತಣಿಯುತ್ತಿತ್ತೇ ಹೊರತು ನೋಡಿ ಮುಗಿಯುತ್ತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಗಂಡು ಕಾಣಲಿಲ್ಲ. ಬಂದದ್ದು ಎರಡು ಹಳದಿ ಹಕ್ಕಿಗಳು. ಒಂದಕ್ಕೆ ಗಂಟಲಿನಿಂದ ಹೊಟ್ಟೆಯವರೆಗೆ ಮಸಿ ಎಳೆದಂತೆ ಕಪ್ಪು ಗೆರೆ. ನನಗೆ ಎಲ್ಲ ಅರ್ಥವಾಗಿಬಿಟ್ಟಿತು. ಹೆಣ್ಣು ಪಾಪ, ನನ್ನ ಹಾಗೆ ಒಂಟಿಯಾಗಿದ್ದಾಳೆ. ಮಸಿಯವಳು ಅವಳ ತಂಗಿ. ಒಲೆಯ ಮುಂದಿನಿಂದ ಹಾಗೇ ಎದ್ದು ಸಮಾಧಾನ ಹೇಳಲು ಓಡಿ ಬಂದಿದ್ದಾಳೆ. ನಿಮ್ಮ ಅಜ್ಜ ಹೋದಾಗ ನನ್ನ ತಂಗಿ ಬಂದದ್ದೂ ಹಾಗೆಯೇ. ಹಾಗಾದರೆ ಗಂಡನನ್ನು ಕೊಂದವರು ಯಾರು? ನೋಡಿದರೆ, ಬೇಲಿಯ ಬುಡದಲ್ಲಿ ಪಕ್ಕದ ಮನೆಯ ಪದ್ಮಕ್ಕನ ಬೆಕ್ಕು ಮುತ್ತು ಕೂತು ಮೀಸೆ ನೆಕ್ಕುತ್ತಿತ್ತು.

“ಪದ್ಮಕ್ಕ, ನಿಮ್ಮ ಮುತ್ತು ನಮ್ಮ ಹಕ್ಕಿಯನ್ನು ತಿಂದಿದ್ದಾನೆ!” ಎಂದು ಬೇಲಿಯಾಚೆಗೆ ಕೂಗಿಬಿಟ್ಟೆ.

ಪದ್ಮಕ್ಕ ಜೈನರು. ಅನ್ನಕ್ಕೆ ಹುಳ ಬಿದ್ದು ಸತ್ತೀತೆಂದು ಹೊತ್ತು ಮುಳುಗುವ ಮೊದಲೇ ಉಣ್ಣುವವರು. “ಏನು ಹೇಳ್ತೀರಿ ಕಮಲಕ್ಕ? ಹಾಲನ್ನ ಬಿಟ್ಟು ಅವನು ಬೇರೆ ಏನನ್ನೂ ಮೂಸಿ ಸಹ ನೋಡಿದವನಲ್ಲ. ನಮ್ಮ ಮನೆಗೆ ಇಂಥ ಮಾತು!” ಎಂದು ಒಳಗೆ ಹೋದರು. ಮರುದಿನದಿಂದ ಬೇಲಿಯಾಚೆಯ ಮಾತು ನಿಂತಿತು. ನನಗಿದ್ದದ್ದು ಅವರೊಬ್ಬರೇ ಗೆಳತಿ. ಇಷ್ಟು ವರ್ಷ ನನ್ನ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು. ಸಂಜೆಗಳು ಬಿಕೋ ಎಂದವು.

ಆ ಶನಿವಾರ ನಿಮ್ಮಲ್ಲಿ ದೊಡ್ಡವಳು ಅಶ್ವಿನಿ ಮಿಜಾರಿನ ಕಾಲೇಜಿನಿಂದ ಬಂದವಳು, ನನ್ನ ಕಥೆ ಕೇಳಿ, ದುರ್ಬೀನು ಹಿಡಿದು ನೋಡಿ ನಕ್ಕಳು. “ಅಜ್ಜೀ, ಇದು ತಂಗಿ ಅಲ್ಲ, ಗಂಡನೇ! ಮರಿ ಮಾಡುವ ಕಾಲ ಮುಗಿದ ಮೇಲೆ ನೇರಳೆ ಗರಿ ಉದುರಿ ಹೀಗಾಗ್ತದೆ. ಆ ಕಪ್ಪು ಗೆರೆಯೇ ಗುರುತು. ಕೆಲವು ತಿಂಗಳಲ್ಲಿ ಪುನಃ ಬಣ್ಣ ಬರ್ತದೆ.”

ಸಂತೋಷಕ್ಕೆ ಚಪ್ಪಾಳೆ ತಟ್ಟಿದೆ. ಹಕ್ಕಿಗಳು ಹಾರಿಹೋದವು. ಪದ್ಮಕ್ಕನ ನೆನಪಾಗಿ ಕೈ ಕೆಳಗಿಳಿಯಿತು.

ಬೇಲಿ ಸುತ್ತಿ ಅವರ ಜಗಲಿಗೆ ಹೋದೆ. “ಪದ್ಮಕ್ಕ, ಅವನು ಸತ್ತಿಲ್ಲ. ಬಟ್ಟೆ ಬದಲಿಸಿದ್ದಂತೆ.”

ಅವರು ಮುಖ ಬಿಗಿದುಕೊಂಡೇ ಕಥೆ ಕೇಳಿದರು. ತಂಗಿಯ ಮಸಿಯ ವಿಷಯ ಬಂದಾಗ ತಡೆಯಲಾರದೆ ಹೊಟ್ಟೆ ಹಿಡಿದು ನಕ್ಕರು. “ನನಗೆ ಯಾಕೆ ಹೇಳ್ತೀರಿ ಮಾರಾಯ್ರೆ? ಮರ್ಯಾದೆ ಹೋದದ್ದು ಮುತ್ತುವಿನದ್ದು. ಹಿತ್ತಿಲಲ್ಲಿ ಇದ್ದಾನೆ, ಅವನಿಗೇ ಹೇಳಿ. ನಾನು ಕಾಫಿಗೆ ಇಡ್ತೇನೆ.”

ಹೋಗಿ, “ತಪ್ಪಾಯ್ತು ಮಾರಾಯ” ಎಂದೆ. ಮುತ್ತು ತಿರುಗಿದ. ಅವನ ಬಾಯಿಂದ ಒಂದು ಹಲ್ಲಿಯ ಬಾಲ ಹೊರಗೆ ನೇತಾಡುತ್ತಿತ್ತು, ಇನ್ನೂ ಮಿಸುಕುತ್ತಿತ್ತು.

“ಏನಂದ ಅವನು?” ಒಳಗಿನಿಂದ ಪದ್ಮಕ್ಕ ಕೇಳಿದರು.

“ಪಾಪ, ಬಾಯೇ ಬಿಡಲಿಲ್ಲ” ಎಂದೆ.

ಕಾಣದ್ದನ್ನು ನೆರೆಕರೆಗೆಲ್ಲ ಕೇಳುವಂತೆ ಹೇಳಿದ ನಿಮ್ಮ ಅಜ್ಜಿ, ಕಣ್ಣಾರೆ ಕಂಡದ್ದನ್ನು ಎರಡು ಲೋಟ ಕಾಫಿಯೊಂದಿಗೆ ನುಂಗಿ ಮನೆಗೆ ಬಂದಳು.