ಆಕ್ಸ್‌ಫರ್ಡಿಗೆ ಮೊದಲು ಪ್ರಿನ್ಸ್‌ಟನ್

ನಮ್ಮ ಭಾವ ಈ ಭೂಮಿಯ ಮೇಲೆ ಯಾವ ಊರಿಗೂ ಮೊದಲನೇ ಸಲ ಹೋದವರಲ್ಲ. ಹೋದಲ್ಲೆಲ್ಲ ಎರಡನೇ ಸಲವೇ ಹೋಗಿರುವುದು. ಅದು ಹೇಗೆ ಸಾಧ್ಯ ಅಂತೀರಾ? ಮೊದಲನೇ ಸಲದ್ದನ್ನು ಅವರು ಇನ್ನೆಲ್ಲೋ ಮುಗಿಸಿಕೊಂಡಿರುತ್ತಾರೆ. ಅವರ ಭಾಷೆಯಲ್ಲಿ ಅದಕ್ಕೆ ರಿಹರ್ಸಲ್ ಅಂತ ಹೆಸರು.

ನಮ್ಮಕ್ಕನನ್ನು ನೋಡಲು ಬಂದದ್ದೂ ಹಾಗೆಯೇ. ಭಾನುವಾರ ಹೆಣ್ಣು ನೋಡುವ ಶಾಸ್ತ್ರ ಎಂದಿದ್ದರೆ, ಶನಿವಾರವೇ ಬಾಡಿಗೆ ಸೈಕಲ್ ಹತ್ತಿ ಮೈಸೂರಿನ ನಮ್ಮ ಬೀದಿಗೆ ಬಂದಿದ್ದರು. ಗೇಟಿನ ಹತ್ತಿರ ಇಳಿಯುವುದು, ಚಪ್ಪಲಿ ಬಿಡುವುದು, ಕೈ ಮುಗಿಯುವುದು, ಎಲ್ಲವನ್ನೂ ಒಂದು ಸಲ ಮಾಡಿ ನೋಡಿದರು. ಗೇಟು ಮಾತ್ರ ಪಕ್ಕದ ಮನೆಯದು. ಆ ಮನೆಯವರು ಯಾರೋ ಪಾಪ ಅಂತ ಒಳಗೆ ಕರೆದು ಕಾಫಿ ಕೊಟ್ಟು ಕಳಿಸಿದರು. ಮರುದಿನ ನಮ್ಮನೆಯಲ್ಲಿ ಅಕ್ಕ ತಂದಿಟ್ಟ ಕಾಫಿ ಕುಡಿದು, "ನಿನ್ನೇದು ಸ್ವಲ್ಪ ಸ್ಟ್ರಾಂಗ್ ಇತ್ತು" ಅಂದುಬಿಟ್ಟರು. ಇಷ್ಟಾದ ಮೇಲೂ ನಮ್ಮವರು ಹೆಣ್ಣು ಕೊಟ್ಟರು ಅಂದರೆ ನಮ್ಮ ಮನೆತನದ ಧೈರ್ಯವನ್ನು ಮೆಚ್ಚಬೇಕು.

ಈಗ ಅವರಿಬ್ಬರೂ ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್‌ನಲ್ಲಿದ್ದಾರೆ. ಭಾವನಿಗೆ ಟೆಲಿಫೋನ್ ಉಪಕರಣಗಳನ್ನು ಪರೀಕ್ಷೆ ಮಾಡುವ ಕೆಲಸ. ಕೆಲಸದಿಂದ ಈ ರೋಗ ಬಂತೋ, ರೋಗಕ್ಕೆ ತಕ್ಕ ಕೆಲಸ ಸಿಕ್ಕಿತೋ, ನನಗೆ ಗೊತ್ತಿಲ್ಲ. ನಾನು ಹತ್ತಿರದ ಪಿಸ್ಕಾಟವೇಯಲ್ಲಿ ಎಂಜಿನಿಯರಿಂಗ್ ಓದುವ ನೆಪದಲ್ಲಿ ವಾರವಿಡೀ ಒಣ ಬ್ರೆಡ್ಡು ಕಚ್ಚಿ, ಶನಿವಾರ ಅಕ್ಕ ಮಾಡಿದ ಸಾರನ್ನ ಉಣ್ಣಲು ಹಾಜರಾಗುತ್ತೇನೆ. ಉಂಡ ಋಣಕ್ಕೆ ಭಾವನ ರಿಹರ್ಸಲ್ಲುಗಳಲ್ಲಿ ಪಾರ್ಟು ಮಾಡುತ್ತೇನೆ.

ಕಳೆದ ಬೇಸಿಗೆಯಲ್ಲಿ ಭಾವನ ತಲೆಗೆ ಆಕ್ಸ್‌ಫರ್ಡ್ ಹೊಕ್ಕಿತು. ಕಾರಣವಿತ್ತು. ಅಕ್ಕ ಮೈಸೂರಿನಲ್ಲಿ ಹಿಸ್ಟರಿ ಎಂ.ಎ. ಮುಗಿಸಿದಾಗ ಅಲ್ಲಿ ಓದಲು ಅವಳಿಗೆ ಸೀಟು ಸಿಕ್ಕಿತ್ತು. ಅದೇ ತಿಂಗಳು ಈ ಸಂಬಂಧವೂ ಬಂತು. "ಮದುವೆ ಆಗಲಿ, ಅಳಿಯಂದ್ರೇ ಕರ್ಕೊಂಡು ಹೋಗಿ ಓದಿಸ್ತಾರೆ" ಎಂದರು ನಮ್ಮಪ್ಪ. "ಆಗಲಿ" ಎಂದರು ಭಾವ. ಆಮೇಲೆ ನ್ಯೂಜೆರ್ಸಿಯ ಕೆಲಸ ಬಂತು, ಆಕ್ಸ್‌ಫರ್ಡ್ ಹೋಯಿತು. ಅಕ್ಕ ಈಗ ಓಲ್ಡ್ ಬ್ರಿಡ್ಜಿನ ಲೈಬ್ರರಿಯಲ್ಲಿ, ವಾಪಸು ಬಂದ ಪುಸ್ತಕಗಳನ್ನು ಕಪಾಟಿಗೆ ಸೇರಿಸುತ್ತಾಳೆ.

ಜುಲೈನಲ್ಲಿ ಇಬ್ಬರೂ ಬೆಂಗಳೂರಿಗೆ ಹೋಗುವವರಿದ್ದರು. ಲಂಡನ್ನಿನಲ್ಲಿ ವಿಮಾನ ಬದಲಾಯಿಸಬೇಕು. ಅಲ್ಲೇ ಇಳಿದು, ಮೂರು ದಿನ ಆಕ್ಸ್‌ಫರ್ಡ್ ನೋಡಿಕೊಂಡು ಹೋಗೋಣ ಎಂದರು ಭಾವ.

"ಬೇಡ ರೀ," ಎಂದಳು ಅಕ್ಕ, ಹುರುಳಿಕಾಯಿ ಹೆಚ್ಚುತ್ತಾ. "ಆ ಕಾಲೇಜಿನ ಬಾಗಿಲ ಮುಂದೆ ನಿಂತು ನಾನು ಅತ್ತುಬಿಟ್ರೆ? ಇರೋ ರಜದಲ್ಲಿ ಅಳಕ್ಕೆ ಅಂತ ಮೂರು ದಿನ ಯಾಕೆ?"

ಭಾವ ಮರುದಿನ ಹೋಗಿ ಆಕ್ಸ್‌ಫರ್ಡಿನ ಮ್ಯಾಪು ಕೊಂಡುತಂದರು. ಇವರಿಗೆ ಮಾತು ಕೇಳಿಸಲಿಲ್ಲ ಎಂದುಕೊಂಡೆವು ನಾನೂ ಅಕ್ಕನೂ.

ಮೊದಲು ಮನೆಗೆ ಲಂಡನ್ ಟೈಮು ಬಂತು. ಅಲ್ಲಿ ಇಳಿದಾಗ ನಿದ್ದೆ ಏರುಪೇರಾಗಬಾರದಂತೆ, ಅದಕ್ಕೆ ಗಡಿಯಾರವನ್ನೆಲ್ಲ ಐದು ಗಂಟೆ ಮುಂದೆ ತಿರುಗಿಸಿಟ್ಟಿದ್ದರು. ಇದು ಗೊತ್ತಿಲ್ಲದೆ ನಾನು ಶನಿವಾರ ಸಂಜೆ ಏಳೂಕಾಲಕ್ಕೆ ಹೋಗಿ ಬೆಲ್ ಒತ್ತಿದೆ. ಬಿಸಿಲು ಇನ್ನೂ ಹೊಳೆಯುತ್ತಿತ್ತು. ಪಕ್ಕದ ಮನೆಯಾತ ಹುಲ್ಲು ಕತ್ತರಿಸುತ್ತಿದ್ದ. ಭಾವ ಪೈಜಾಮದಲ್ಲಿ ಕಣ್ಣುಜ್ಜಿಕೊಂಡು ಬಾಗಿಲು ತೆಗೆದರು.

"ಏನಯ್ಯಾ, ಅರ್ಧರಾತ್ರೀಲಿ? ಊರಲ್ಲಿ ಎಲ್ಲ ಕ್ಷೇಮ ತಾನೆ?"

"ಕ್ಷೇಮ ಭಾವ. ಊಟಕ್ಕೆ ಬಂದೆ."

"ಹನ್ನೆರಡು ದಾಟ್ತು. ಇರೋ ಸಾರು ನಿನ್ನೇದು. ತಂಗಳು ತಿಂತೀಯಾ?"

ಮಧ್ಯಾಹ್ನ ಮಾಡಿದ ಸಾರು ಸಂಜೆಗೇ ನಿನ್ನೆಯದಾಗುವ ಚಮತ್ಕಾರವನ್ನು ನಾನು ಬೇರೆಲ್ಲೂ ಕಂಡಿಲ್ಲ. ತಿಂದೆ. ತಿಂದದ್ದು ಶನಿವಾರವೋ ಭಾನುವಾರವೋ ಅಂತ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಮಾರನೇ ವಾರ ಲಂಡನ್ ಇಮಿಗ್ರೇಷನ್ನಿನ ರಿಹರ್ಸಲ್. ಇಸ್ತ್ರಿ ಮಾಡುವ ಟೇಬಲ್ಲಿನ ಹಿಂದೆ ನಾನು ಆಫೀಸರ್. ಎದುರಿಗೆ ಸೂಟ್‌ಕೇಸ್ ಹಿಡಿದ ಭಾವ.

"ಏತಕ್ಕೆ ಬಂದಿದ್ದೀರಿ?" ಎಂದೆ, ಮೂಗಿನಲ್ಲಿ.

"ಹೆಂಡತಿಗೆ ಒಂದು ಬಾಗಿಲು ತೋರಿಸಕ್ಕೆ."

"ನಿಮ್ಮ ದೇಶದಲ್ಲಿ ಬಾಗಿಲಿಲ್ವಾ?"

"ಇದೆ ಸಾರ್. ಇದು ಅವಳು ಒಳಗೆ ಹೋಗಬೇಕಾಗಿದ್ದ ಬಾಗಿಲು."

ನಾನು ದರ್ಪದಿಂದ, "ಅನುಮಾನಾಸ್ಪದ. ವಾಪಸ್ ಹೋಗಿ" ಎಂದೆ. ತಮಾಷೆಗೆ ಹೇಳಿದ್ದು. ಭಾವ ನಿಜಕ್ಕೂ ಪೆಚ್ಚಾಗಿ ಸೂಟ್‌ಕೇಸ್ ಎತ್ತಿಕೊಂಡು ಗ್ಯಾರೇಜಿಗೆ ಹೋಗಿ ಕೂತುಬಿಟ್ಟರು. ಅಕ್ಕ ಅಡುಗೆಮನೆಯಿಂದ, "ಬಿಡದಿದ್ರೆ ಬಿಡಲಿ. ನಾನೇನು ಹೋಗ್ಲೇಬೇಕು ಅಂದಿದ್ನಾ?" ಎಂದಳು. ಲಂಡನ್ನಿನಲ್ಲಿ ಇಳಿಯುತ್ತಾರೋ ಇಲ್ಲವೋ ಅಂತ ಸೋಮವಾರ ಟ್ರಾವೆಲ್ ಏಜೆಂಟ್‌ಗೆ ಹೇಳಬೇಕಿತ್ತು. ಅಕ್ಕ ಹೂಂ ಎಂದಿರಲಿಲ್ಲ.

ಉಳಿದದ್ದು ಭಾನುವಾರ ಒಂದೇ. ಭಾವ ನಮ್ಮಿಬ್ಬರನ್ನೂ ಕಾರಿಗೆ ತುಂಬಿಕೊಂಡು ಪ್ರಿನ್ಸ್‌ಟನ್ನಿಗೆ ಹೊರಟರು.

"ಅಲ್ಲಿಗೆ ಯಾಕೆ ಭಾವ?"

"ಅಲ್ಲಿನ ಯೂನಿವರ್ಸಿಟೀಲಿರೋ ಕಲ್ಲಿನ ಕಟ್ಟಡಗಳು ಆಕ್ಸ್‌ಫರ್ಡ್ ನೋಡ್ಕೊಂಡು ಕಟ್ಟಿರೋದು ಕಣೋ. ಅವರು ಕಾಪಿ ಹೊಡೆದಿರೋದು ನಮಗೆ ಅನುಕೂಲ."

ಕಾರಿಳಿದ ಕೂಡಲೆ ಒಂದು ದೊಡ್ಡ ಕರೀ ಕೊಡೆ ಬಿಚ್ಚಿದರು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ.

"ರೀ, ಜನ ನೋಡ್ತಾರೆ."

"ಅಲ್ಲಿ ಮಳೆ ಇರುತ್ತೆ. ಯಾರೂ ನೋಡಲ್ಲ."

ಕೈಗೆ ಆಕ್ಸ್‌ಫರ್ಡಿನ ಮ್ಯಾಪು ಕೊಟ್ಟು ನನ್ನನ್ನು ಗೈಡ್ ಮಾಡಿದರು. ಮ್ಯಾಪಿನಲ್ಲಿ ನದಿ ಇದ್ದಲ್ಲಿ ಎದುರಿಗೆ ಬ್ಯಾಂಕು. ಮ್ಯಾಪಿನಲ್ಲಿ ಮಾರ್ಕೆಟ್ ಇದ್ದಲ್ಲಿ ಸ್ಮಶಾನ. ತಿರುಗಿಸಿ ಹಿಡಿದೆ, ಸ್ಮಶಾನ ನದಿಗೆ ಬಂತು. ಅಷ್ಟರಲ್ಲಿ ಒಬ್ಬ ಅಮೆರಿಕನ್ ಮುದುಕಪ್ಪ, ನನ್ನ ಮ್ಯಾಪು ನೋಡಿ ನಂಬಿಕೆ ಬಂದು, ರೈಲ್ವೆ ಸ್ಟೇಷನ್ ಎಲ್ಲಿ ಅಂತ ಕೇಳಿದರು. ನಾನು ಪಾತ್ರದಲ್ಲಿ ಮುಳುಗಿದ್ದೆನಲ್ಲ, ಆಕ್ಸ್‌ಫರ್ಡಿನ ಸ್ಟೇಷನ್ನಿಗೆ ದಾರಿ ಹೇಳಿ ಕಳಿಸಿದೆ. ಥ್ಯಾಂಕ್ಸ್ ಹೇಳಿ ಹೋದರು. ಸ್ವಲ್ಪ ಹೊತ್ತಿಗೆ ಬೆವರುತ್ತಾ ವಾಪಸ್ ಬಂದು, ನೀವು ಹೇಳಿದ ಸೇತುವೆ ಸಿಗಲಿಲ್ಲ ಎಂದರು. ಅವರಿಗೆ ಏನಂತ ಹೇಳಲಿ? ನಾವೇ ಯಾವ ಊರಿನಲ್ಲಿದ್ದೇವೆ ಅನ್ನುವುದು ಆ ಹೊತ್ತಿಗೆ ನನಗೂ ಖಾತ್ರಿ ಇರಲಿಲ್ಲ. ಮ್ಯಾಪನ್ನು ಇನ್ನೊಂದು ಸಲ ತಿರುಗಿಸಿ, ಎಡಕ್ಕೆ ಎಂದಿದ್ದನ್ನು ಬಲಕ್ಕೆ ಎಂದೆ. ಮತ್ತೆ ಹೋದರು, ಪುಣ್ಯಾತ್ಮರು.

ಒಂದು ಎತ್ತರದ ಕಲ್ಲಿನ ಕಮಾನು ಬಂತು. ಅದರಡಿಯಲ್ಲಿ ಅರ್ಧ ತೆರೆದ ಮರದ ಬಾಗಿಲು. ಭಾವ ನಿಂತರು.

"ಇದೇ ಅದು ಅಂದ್ಕೋ."

"ಅಂದ್ಕೊಂಡೆ. ಆಯ್ತಲ್ಲ, ನಡೀರಿ," ಎಂದಳು ಅಕ್ಕ ನಗುತ್ತಾ.

"ಇಲ್ಲ. ನಿಂತ್ಕೋ."

ಎದೆಗೆ ಪುಸ್ತಕ ಅವುಚಿಕೊಂಡ ಹುಡುಗಿಯೊಬ್ಬಳು ಎಲ್ಲಿಗೋ ತಡವಾದವಳ ಹಾಗೆ ಓಡಿಬಂದು, ನಮ್ಮ ನಡುವೆಯೇ ನುಸುಳಿ ಒಳಗೆ ಹೋದಳು. ಅವಳ ಬೂಟಿನ ಸಪ್ಪಳ ಕೇಳಿಸುವಷ್ಟು ಹೊತ್ತೂ ಅಕ್ಕ ಆ ಬಾಗಿಲನ್ನೇ ನೋಡುತ್ತಿದ್ದಳು.

"ಹೂಂ. ಈಗ ಅಳು," ಎಂದರು ಭಾವ.

ನಾನು ಕಿಸಕ್ಕನೆ ನಕ್ಕೆ. "ಅಳೋದಕ್ಕೂ ರಿಹರ್ಸಲ್ಲಾ ಭಾವ?"

ಅವರು ನನ್ನ ಕಡೆ ತಿರುಗಲಿಲ್ಲ. "ಅಲ್ಲಿ ಅತ್ತುಬಿಟ್ರೆ ಅಂದ್ಯಲ್ಲ, ಅದಕ್ಕೆ. ಇದು ಸುಳ್ಳು ಬಾಗಿಲು. ಇಲ್ಲೇ ಅತ್ತು ಮುಗಿಸಿಬಿಡು. ಅಲ್ಲಿಗೆ ಹೋದಾಗ ಕಣ್ತುಂಬ ನೋಡ್ಕೊಂಡು ಬರಬಹುದು." ಕೊಡೆಯ ಕೈ ಬದಲಾಯಿಸಿಕೊಂಡು ಹೇಳಿದರು, "ನಾನು ಆಗಲಿ ಅಂದಿದ್ದೆ. ಆಗಲಿಲ್ಲ."

ಅಕ್ಕ ನಗಲು ಬಾಯಿ ತೆರೆದಳು. ನಗು ಅರ್ಧಕ್ಕೆ ಬಂದು ಇನ್ನೇನೋ ಆಗಿಬಿಟ್ಟಿತು. ಭಾವ ಕೊಡೆಯನ್ನು ತಗ್ಗಿಸಿ ಅವಳ ಮುಖಕ್ಕೆ ಮರೆ ಮಾಡಿದರು. ಹೋಗುವವರಿಗೆ ಬರುವವರಿಗೆ ಬಿಸಿಲಲ್ಲಿ ಒಂದು ಕರೀ ಕೊಡೆ, ಅದರ ಕೆಳಗೆ ಒಂದು ಸೀರೆಯಂಚು, ಎರಡು ಜೊತೆ ಬೂಟು, ಅಷ್ಟೇ ಕಾಣುತ್ತಿತ್ತು.

ಇಂಥ ಹೊತ್ತಿಗೆ ಒದಗುವ ಒಂದು ಜೋಕಾದರೂ ನನ್ನಲ್ಲಿ ಇರಲೇಬೇಕಲ್ಲ ಎಂದು ಹುಡುಕಿದೆ. ಒಂದೂ ಸಿಗಲಿಲ್ಲ. ಸಿಕ್ಕಿದ್ದು ಅದೇ ಮುದುಕಪ್ಪ, ಮೂರನೇ ಸಲ. ಈ ಬಾರಿ ದಾರಿ ಹೇಳಲಿಲ್ಲ. ಅವರ ಚೀಲ ಇಸಿದುಕೊಂಡು, ಕಂಡಕಂಡವರನ್ನು ಕೇಳುತ್ತಾ ನಾನೇ ಸ್ಟೇಷನ್ನಿಗೆ ಬಿಟ್ಟುಬಂದೆ.

ವಾಪಸ್ ಬಂದಾಗ ಇಬ್ಬರೂ ಆ ಬಾಗಿಲ ಮೆಟ್ಟಿಲ ಮೇಲೆ ಕೂತು ಮೊಸರನ್ನ ತಿನ್ನುತ್ತಿದ್ದರು. ಕೊಡೆ ಇನ್ನೂ ಬಿಚ್ಚಿಯೇ ಇತ್ತು. ಅಕ್ಕನ ಮೂಗು ಕೆಂಪಗಾಗಿತ್ತು. ನನಗೊಂದು ತುತ್ತು ಕೈಗೆ ಹಾಕಿ, ಭಾವನ ಕಡೆ ನೋಡದೆಯೇ ಹೇಳಿದಳು:

"ರೀ, ಅಲ್ಲಿಗೆ ಹೋಗೋವಾಗ ಈ ಕೊಡೆ ಮರೀಬೇಡಿ."