ಶೆಟ್ಟರ ಜನರೇಟರೂ ನನ್ನ ಬಲವೂ

ಆ ಬುಧವಾರ ಸಂಜೆ ಆರು ಗಂಟೆ ಇಪ್ಪತ್ತು ನಿಮಿಷದವರೆಗೆ ನಾನು ವಿಜ್ಞಾನ ಬಲ್ಲವನೆಂದೇ ನಂಬಿದ್ದೆ. ಧಾರವಾಡದಲ್ಲಿ ಓದಿ ಬಿ.ಎಸ್ಸಿ. ಆದವನು. ಪೆಟ್ರೋಲಿನ ಆವಿಗೆ ಬೆಂಕಿ ತಾಗಿದರೆ ಏನಾಗುತ್ತದೆಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಚಿತ್ರಸಹಿತ ಉತ್ತರ ಬರೆದವನು. ಆದರೆ ಪರೀಕ್ಷೆಯಲ್ಲಿ ಯಾರೂ ನನ್ನ ಕೈಗೆ ಚಿಮಣಿ ದೀಪ ಕೊಟ್ಟಿರಲಿಲ್ಲ.

ಆಗ ನಾವು ಚೆಂಬೂರಿನಲ್ಲಿ ಕೆಳ ಅಂತಸ್ತಿನ ಎರಡು ಖೋಲಿಗಳಲ್ಲಿದ್ದೆವು. ಮೇ ತಿಂಗಳ ಸೆಕೆ. ಗಲ್ಲಿಯ ಕೇಬಲ್ ಸುಟ್ಟು ಮೂರು ದಿನದಿಂದ ಕರೆಂಟ್ ಇರಲಿಲ್ಲ. ಮೂರು ತಿಂಗಳ ಮಗಳಿಗೆ ನಮ್ಮ ಹಳೆಯ ಫ್ಯಾನು ಗರಗರ ತಿರುಗದಿದ್ದರೆ ನಿದ್ದೆಯಿಲ್ಲ. ಅವಳಿಗಿಲ್ಲದ್ದು ನಮಗೆಲ್ಲಿಂದ ಬರಬೇಕು? ಮೂರನೆಯ ದಿನ ಹೆಂಡತಿ ಶಾಂತಾ ಸಾರಿಗೆ ಉಪ್ಪಿನ ಬದಲು ಸಕ್ಕರೆ ಹಾಕಿದಳು. ನಾನು ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡು ಉಂಡೆ. ನಮ್ಮ ಅವಸ್ಥೆ ಕಂಡು ಪಕ್ಕದ ಮನೆಯ ಶೆಟ್ಟರು, ಸ್ಟೇಷನ್ ಹತ್ತಿರ ಹೊಟೇಲು ನಡೆಸುವ ಉಡುಪಿಯವರು, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ್ದ ಒಂದು ಜನರೇಟರನ್ನು ತಂದು ನಮ್ಮ ಹಿತ್ತಿಲ ಮೆಟ್ಟಿಲ ಕೆಳಗೆ ಇಡಿಸಿದರು.

"ಹಗ್ಗ ಸುತ್ತಿ ಎಳೆದರೆ ಆಯ್ತು ಮಾರಾಯ್ರೆ. ನೀವು ಓದಿದವರು, ನಿಮಗೆ ನಾನು ಎಂತ ಹೇಳುದು?" ಎಂದು ಹೊಟೇಲಿಗೆ ಹೋದರು. ನನ್ನನ್ನು ಕೆಡಿಸಿದ್ದು ಈ ಮಾತೇ.

ಎಳೆದೆ. ಅದು ಒಮ್ಮೆ ಗೊರ್ ಎಂದು ಮಗ್ಗುಲು ಬದಲಿಸಿದಂತೆ ಮಾಡಿ ಸುಮ್ಮನಾಯಿತು. ಪೆಟ್ರೋಲು ಸಾಲದೇನೋ ಎಂದು ಡಬ್ಬಿಯಿಂದ ಸುರಿದೆ. ಮತ್ತೆ ಎಳೆದು ಮತ್ತೆ ಸುರಿದೆ. ಟಾಕಿ ತುಂಬಿ ನೆಲಕ್ಕೆ ಹರಿದದ್ದು ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಕಾಣಲಿಲ್ಲ. "ತಿಳೀಲಿಲ್ಲಂದ್ರ ಶೆಟ್ಟರನ್ನ ಕರೀರಿ," ಎಂದಳು ಶಾಂತಾ ಒಳಗಿನಿಂದ. "ಇಡ್ಲಿ ಮಾಡೂದಿದ್ರ ಕರೀತೇನಿ," ಎಂದು ನಾನು ಚಿಮಣಿ ಹಚ್ಚಿಕೊಂಡು ಬಂದೆ. ಮೂಗು? ಮೂಗು ಇತ್ತು; ಅದಕ್ಕೆ ನೆಗಡಿಯಾಗಿತ್ತು.

ಅಷ್ಟರಲ್ಲಿ ಹೊಟೇಲಿನಿಂದ ಬಂದ ಶೆಟ್ಟರು ಹಿತ್ತಿಲ ಬಾಗಿಲಲ್ಲಿ ನಿಂತು, "ಬಲ, ಬಲ!" ಎಂದು ಕೂಗಿದರು. ಗಾಬರಿಯಲ್ಲಿ ಅವರ ಬಾಯಿಗೆ ಕನ್ನಡ ಬಂದಿರಲಿಲ್ಲ. ತುಳುವಿನಲ್ಲಿ 'ಬಲ' ಎಂದರೆ 'ಬಾ' ಎಂದು ನನಗೆ ತಿಳಿದದ್ದು ಆಮೇಲೆ. ಧಾರವಾಡದಲ್ಲಿ ಬಲ ಎಂದರೆ ಬಲ. ಹುರುಪು ತುಂಬುತ್ತಿದ್ದಾರೆಂದುಕೊಂಡು, ದೀಪವನ್ನು ಇಟ್ಟಿಗೆಯ ಮೇಲಿಟ್ಟು, ಎರಡೂ ಕೈಯಿಂದ ಹಗ್ಗ ಜಗ್ಗಿದೆ. ಹಗ್ಗ ಹರಿಯಿತು. ನಾನು ಹಿಮ್ಮುಖವಾಗಿ ಹಾರಿ ಶೆಟ್ಟರ ಕಾಲ ಬಳಿ ಬಿದ್ದೆ. ಕರೆದಲ್ಲಿಗೇ ಬಂದಂತಾಯಿತು. ನಾನು ಕೂತಿದ್ದ ಜಾಗದಲ್ಲಿ ಭಗ್ಗೆಂದು ಬೆಂಕಿ ಎದ್ದಿತು. ಮೆಟ್ಟಿಲ ಪಕ್ಕದ ಗೋಡೆಯ ಆಚೆಗೇ ಶಾಂತಾ ಮತ್ತು ಕೂಸು.

ನಾನು ತುಂಡು ಹಗ್ಗ ಹಿಡಿದು ನೋಡುತ್ತ ಕೂತೆ. ಶೆಟ್ಟರು ಬಾಗಿಲ ಬಳಿಯಿದ್ದ ಕುಡಿಯುವ ನೀರಿನ ಕೊಡಗಳಿಗೆ ಸುತ್ತಿದ್ದ ಒದ್ದೆ ಗೋಣಿಗಳನ್ನು ಕಿತ್ತು ಬೆಂಕಿಯ ಮೇಲೆ ಒಂದರ ಮೇಲೊಂದು ಹಾಸಿದರು. ಎಲ್ಲ ಆರಿದ ಮೇಲೆ ಬಗ್ಗಿ ನೋಡಿ, "ಪೆಟ್ರೋಲಿನ ನಲ್ಲಿಯೇ ಬಂದ್ ಉಂಟಲ್ಲ ಮಾರಾಯ್ರೆ," ಎಂದರು. ಕೂಸನ್ನು ಎತ್ತಿಕೊಂಡು ಬಂದ ಶಾಂತಾ ನನ್ನ ಕೈ, ಮುಖ, ಹುಬ್ಬು ಎಲ್ಲ ಮುಟ್ಟಿ ನೋಡಿ, ಏನೂ ಸುಟ್ಟಿಲ್ಲವೆಂದು ಖಾತ್ರಿಯಾದ ಮೇಲೆ ಕೇಳಿದಳು: "ನಿಮ್ಮನ್ನ ಯಾರ್ರೀ ಪಾಸ್ ಮಾಡಿದವರು?"

ಜನರೇಟರು ಶೆಟ್ಟರ ಮನೆಗೆ ಮರಳಿತು, ಕರೆಂಟು ಮರಳಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಇಟ್ಟಿಗೆ, ದೀಪ, ಭಗ್. ಒಮ್ಮೊಮ್ಮೆ ಕನಸಿನಲ್ಲಿ ಹಗ್ಗ ಹರಿಯುವುದೇ ಇಲ್ಲ. ಆಗ ಎದ್ದು ಕೂತು ಗೋಡೆ ಮುಟ್ಟಿ ನೋಡುವುದು. ನನ್ನ ಜೊತೆಗೆ ಮಗಳೂ ಎಚ್ಚರ.

ಮುಂದಿನ ಬುಧವಾರ ಹೇಗೋ ಕಣ್ಣು ಹತ್ತಿತು. ಎದ್ದಾಗ ಬೆಳಗಾಗಿತ್ತು; ಕೂಸು ಇನ್ನೂ ಮಲಗಿತ್ತು. "ಕರೆಂಟ್ ಬಂತೇನು?" ಎಂದೆ.

"ಎಲ್ಲೀದು," ಎಂದಳು ಶಾಂತಾ, ಎಷ್ಟೋ ದಿನಗಳ ಮೇಲೆ ತಲೆ ಬಾಚಿಕೊಳ್ಳುತ್ತ. "ನಿಮ್ಮ ಗೊರಕಿ ಸುರು ಆತು, ಕೂಸು ಮಲಕೊಂತು, ನಾನೂ ಮಲಕೊಂಡೆ. ಅದಕ್ಕ ಬೇಕಾಗಿದ್ದು ಫ್ಯಾನಿನ ಗಾಳಿ ಅಲ್ಲರೀ, ಸಪ್ಪಳ."

ಅಂದರೆ ಅಷ್ಟು ದಿನ ಚಾಲೂ ಆಗದೆ ಕೂತಿದ್ದ ಯಂತ್ರ ಮೆಟ್ಟಿಲ ಕೆಳಗಿನದಾಗಿರಲಿಲ್ಲ.